ಅರವತ್ತೈದು ಡಿಗ್ರಿ

ಡಬರಿ ಸಿಕ್ಕಿದ್ದು ಹೊಳಲ್ಕೆರೆ ರಸ್ತೆಯ ಗುಜರಿಯಲ್ಲಿ,
ಯಾವುದೋ ಹಾಸ್ಟೆಲ್ಲು ಸಾರು ಕುದಿಸಿ ಕುದಿಸಿ ಬಿಸಾಕಿದ ಸ್ಟೀಲು,
ಮೂವತ್ತೈದು ಲೀಟರಿನದು.
ಬುಡಕ್ಕೆ ಬಡಿದು ನೋಡಿದೆ. ಸದ್ದು ಸಾಚಾ.

ದಾದಾಪೀರ ಆರ್ಗಾನ್ ಹಚ್ಚಿ
ಮೂರು ತೂತಿಗೆ ಮೂರು ಕೊರಳು ಕೂರಿಸಿದ:
ಕಾಯಿಲಿಗೆ, ನಲ್ಲಿಗೆ,
ಶಾಖ ನೋಡುವ ಸೂಜಿಗೆ.
"ಏನ್ ಮೇಡಂ, ಗೀಸರ್ರಾ?"
"ಹ್ಞೂಂ" ಅಂದೆ.
ಗೀಸರಿಗೆ ಒಳಗೊಂದು ಜರಡಿ ಯಾಕೆ ಅಂತ
ಆ ಪುಣ್ಯಾತ್ಮ ಕೇಳಲಿಲ್ಲ.

ಐಟಿಐನಲ್ಲಿ ಹದಿನಾರು ವರ್ಷ
ಹುಡುಗರಿಗೆ ಅರ್ಥಿಂಗ್ ಹೇಳಿಕೊಟ್ಟ ಕೈ ಇದು.
ನೀರು, ಉಕ್ಕು, ಕರೆಂಟು
ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ
ಬಡಿಸುವವಳಿಗೆ ಎಚ್ಚರ ಇರಬೇಕು.
ಹಸಿರು ತಂತಿ ಡಬರಿಯ ಮೈಗೆ,
ಸೋರಿದರೆ ತಟ್ಟನೆ ಬೀಳುವ ಸ್ವಿಚ್ಚು ಮೊದಲು,
ಆಸೆ ಆಮೇಲೆ.

ಗಾಲಿ ನಾಲ್ಕು, ಆಸ್ಪತ್ರೆ ಹರಾಜಿನ ಸ್ಟ್ರೆಚರಿನವು.
ಒಂದು ಈಗಲೂ ಎಡಕ್ಕೇ ಎಳೆಯುತ್ತದೆ
ವಾರ್ಡಿನ ದಾರಿ ಮರೆಯದಂತೆ.
ಗಾಲಿ ಯಾಕೆಂದರೆ, ಮನೆ ಓನರು ವೀರಭದ್ರಯ್ಯನವರು
ಭಾನುವಾರ ಮೀಟರು ನೋಡುವ ನೆವದಲ್ಲಿ
ಮೂಗು ಮುಂದಿಟ್ಟುಕೊಂಡು ಬರುತ್ತಾರೆ.
ಆಗ ಅಡಿಗೆಮನೆಯಿಂದ ಬಚ್ಚಲಿಗೆ,
ಬಚ್ಚಲಿಂದ ಓಮ್ನಿಗೆ,
ಓಮ್ನಿಯಿಂದ ಮೆದೇಹಳ್ಳಿ ರಸ್ತೆಯ
ಫ್ಲೋರಿನಾಳ ಶೆಡ್ಡಿಗೆ.
ಬಿಡಿಸಿದರೆ ಮೂರು ತುಂಡು, ಜೋಡಿಸಲು ಹನ್ನೊಂದು ನಿಮಿಷ.

ರಾಗಿ, ಬಿಳಿಜೋಳ ನೆನೆಹಾಕಿ
ಹಳೇ ಪಂಚೆಯಲ್ಲಿ ಕಟ್ಟಿ ಮೊಳಕೆ ಬರಿಸಿ
ತಾರಸಿಯಲ್ಲಿ ಹರವಿದ್ದೆ.
ತುರುವನೂರಿಂದ ಬಂದ ಅವ್ವ
ಚಪ್ಪಲಿ ಬಿಡುವ ಮೊದಲೇ ಕೇಳಿದಳು:
"ಇಷ್ಟೊಂದು ಸರಿಹಿಟ್ಟು! ಯಾರ ಮನೆ ಮಗೀಗೆ?"

ತುರುವನೂರು.
ಅವ್ವನ ಅಪ್ಪ ಇಪ್ಪತ್ತರಲ್ಲಿ
ಕೊಡಲಿ ಹೆಗಲಿಗಿಟ್ಟು
ಈಚಲ ಮರ ಕಡಿಯಲು ಹೋದವನು,
ಊರಿಗೆ ಹೆಂಡ ಬೇಡವೆಂದು
ಜೈಲಿನ ಮುದ್ದೆ ತಿಂದವನು.
ಆ ಕೊಡಲಿ ಅಟ್ಟದಲ್ಲಿದೆ. ಕಾವು ಹುಳ ತಿಂದಿದೆ.
ನಾನು ಏನು ಕುದಿಸುತ್ತೇನೆಂದು ಹೇಳಲಿಲ್ಲ.
ಅವಳು ಎರಡನೇ ಸಲ ಕೇಳಲಿಲ್ಲ.

ಸಂಜೆ ಏಳು. ಪೆಟ್ಟಿಗೆಯ ಕೆಂಪು ಅಂಕಿ ಏರಿತು.
ಅರವತ್ಮೂರು. ಅರವತ್ನಾಲ್ಕು.
ಅರವತ್ತೈದಕ್ಕೆ ನಿಂತು ಉಸಿರು ಹಿಡಿಯಿತು.
ಮೇಲೆ ಹೋದರೆ ಕಾಳಿನ ಜೀವ ಸಾಯುತ್ತದೆ,
ಕೆಳಗಿಳಿದರೆ ಸಿಹಿ ಬಿಡುವುದಿಲ್ಲ,
ಒಂದು ತಾಸು ಅಲ್ಲೇ ಇರಬೇಕು.

ಇಪ್ಪತ್ತನೇ ನಿಮಿಷಕ್ಕೆ ಕರೆಂಟು ಹೋಯಿತು.
ಬರೀ ನಮ್ಮ ಮನೆಯಲ್ಲ, ಕೆಳಗೋಟೆಗೆ ಕೆಳಗೋಟೆಯೇ.
ದೂರದ ಗುಡ್ಡದ ನೆತ್ತಿಯಲ್ಲಿ
ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ಮಿಣಕ್ ಮಿಣಕ್,
ಯಾರ ಮನೆಗೆ ಬೀಸುತ್ತಿದ್ದವೋ.

ನಾನು ಟಾರ್ಚು ಹುಡುಕುತ್ತಿದ್ದೆ, ಬೈಯುತ್ತಿದ್ದೆ,
ಇನ್ವರ್ಟರಿಗೆ ಈ ಭಾರ ತಡೆಯದೆಂದು
ಲೆಕ್ಕ ಹಾಕುತ್ತಿದ್ದೆ.
ಅವ್ವ ಕತ್ತಲಲ್ಲೇ ಡಬರಿಯ ಮೈ ಮುಟ್ಟಿದಳು,
ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ಹೊದ್ದಿದ್ದ ಚಳ್ಳಕೆರೆ ಕಂಬಳಿ ತೆಗೆದು
ಎರಡು ಸುತ್ತು ಸುತ್ತಿ
ನಾಡಾ ಹಗ್ಗ ಬಿಗಿದಳು.
"ಹೆಪ್ಪಿಗೂ ಹಿಂಗೇ, ಹುಳಿ ಅಂಬಲಿಗೂ ಹಿಂಗೇ.
ಬೆಚ್ಚಗಿಟ್ಟು ಸುಮ್ನಿರಬೇಕು.
ಮುಚ್ಚಳ ತೆಗೆದು ತೆಗೆದು ನೋಡ್ಬೇಡ."

ಕೂತೆವು, ಡಬರಿಯ ಆಚೆ ಅವಳು, ಈಚೆ ನಾನು.
ಕತ್ತಲ ತುಂಬ ಉಣ್ಣೆಯ ವಾಸನೆ,
ಅದರ ಸಂದಿಯಿಂದ ಬಿಸಿ ರಾಗಿ.

ನಲವತ್ತು ನಿಮಿಷಕ್ಕೆ ಕರೆಂಟು ಬಂತು.
ಅಂಕಿ ಕಣ್ಣು ಬಿಟ್ಟಿತು: ಅರವತ್ನಾಲ್ಕು.

ಹದಿನೆಂಟು ದಿನ ಬಿಟ್ಟು, ಫ್ಲೋರಿನಾಳ ಶೆಡ್ಡಿನಲ್ಲಿ
ಮೊದಲ ಬಾಟಲಿ ಬಿಚ್ಚಿದೆವು.
ನೊರೆ ಕಡಿಮೆ, ಹುಳಿ ತುಸು ಮುಂದು.
ಅವಳು ಚೆನ್ನಾಗಿದೆ ಅಂದಳು, ಗೆಳತಿಯಲ್ಲವೇ.

ಅವತ್ತೇ ರಾತ್ರಿ ಅವ್ವನ ಫೋನು:
"ಕಂಬಳಿ ವಾಸನೆ ಹೋಗ್ತಾನೇ ಇಲ್ಲ ಕಣಮ್ಮಿ."
"ಒಗೆಯವ್ವ."
"ಎರಡ್ ಸಲ ಒಗ್ದೆ. ಅಟ್ಟಕ್ಕೆ ಹಾಕಿದೀನಿ."
ಸ್ವಲ್ಪ ಹೊತ್ತು ಬರೀ ಗೊರಗೊರ.
ಆಮೇಲೆ, ಬೇರೆ ಯಾರದೋ ಮಾತೆತ್ತಿದವಳ ಹಾಗೆ:
"ಮುಂದಿನ್ ಸಲ ಬರೋವಾಗ
ತರ್‍ಲೇನು?"